ಬ್ಲೆಚ್ಲಿಯಲ್ಲಿ ಕಿಲುಬಿಗೆ ಮದ್ದು

ಲಂಡನ್ನಿನ ಯೂಸ್ಟನ್ ನಿಲ್ದಾಣವನ್ನು ಬಿಟ್ಟ ರೈಲು ವಾಯವ್ಯ ದಿಕ್ಕಿಗೆ ಸುಮಾರು 80 ಕಿಲೋಮೀಟರು ಓಡಿದ ಬಳಿಕ ಬ್ಲೆಚ್ಲಿ ಎಂಬ ಊರು ಸಿಕ್ಕುತ್ತದೆ. ಊರಿನಲ್ಲಿ ಕಣ್ಣು ಕುಕ್ಕುವಂಥದೇನೂ ಇಲ್ಲ. ಇಂಗ್ಲೆಂಡಿನ ಎಲ್ಲೆಡೆಯೂ ಕಾಣುವ ಕೆಂಪು ಇಟ್ಟಿಗೆಯ ಮನೆಗಳು, ಮೋಡ ಕವಿದ ಆಕಾಶ, ಮಿಲ್ಟನ್ ಕೀನ್ಸ್ ಎಂಬ ಹೊಸ ನಗರವು ಬೆಳೆಯುತ್ತ ಬೆಳೆಯುತ್ತ ತನ್ನ ತೆಕ್ಕೆಗೆ ತೆಗೆದುಕೊಂಡ ಹಳೆಯ ಪೇಟೆ. ಆದರೂ ಈ ನಿಲ್ದಾಣದಲ್ಲಿ ಇಳಿಯುವವರಲ್ಲಿ ಪರದೇಶದವರೇ ಅನೇಕರು. ಅವರೆಲ್ಲರೂ ರಸ್ತೆ ದಾಟಿ, ನಾಲ್ಕು ಹೆಜ್ಜೆ ನಡೆದು, ಒಂದೇ ತೋಟದ ಬಾಗಿಲಿಗೆ ಹೋಗುತ್ತಾರೆ. ಅದು ಬ್ಲೆಚ್ಲಿ ಪಾರ್ಕ್.

ತೋಟದ ನಡುವೆ ಒಂದು ಕೊಳ, ಹುಲ್ಲುಹಾಸು, ಕೊಳದ ದಂಡೆಯಲ್ಲಿ ಹರ್ಬರ್ಟ್ ಲಿಯೋನ್ ಎಂಬ ಹಣವಂತನು ತನ್ನ ಮನಸ್ಸಿಗೆ ಬಂದಂತೆ ಬೆಳೆಸಿದ ಬಂಗಲೆ. ಒಂದು ಕಡೆ ಗುಮ್ಮಟ, ಇನ್ನೊಂದು ಕಡೆ ಕೋಟೆಯ ತೆನೆ. ವಾಸ್ತುಶಿಲ್ಪ ಬಲ್ಲವರು ಇದನ್ನು ಕಂಡು ಮೂಗು ಮುರಿಯುವುದುಂಟು. 1938ರಲ್ಲಿ ಬ್ರಿಟನ್ನಿನ ಗೂಢಚಾರ ಇಲಾಖೆಯು ಇದನ್ನು ಕೊಂಡದ್ದು ಅಂದಕ್ಕಾಗಿ ಅಲ್ಲ. ಆಕ್ಸ್‌ಫರ್ಡಿನಿಂದ ಕೇಂಬ್ರಿಜ್ಜಿಗೆ ಹೋಗುವ ರೈಲುದಾರಿಯು ಆಗ ಬ್ಲೆಚ್ಲಿಯಲ್ಲಿಯೇ ಲಂಡನ್ನಿನ ದಾರಿಯನ್ನು ಕೂಡುತ್ತಿತ್ತು. ಎರಡು ವಿದ್ಯಾಪೀಠಗಳಿಂದಲೂ ಗಣಿತಜ್ಞರನ್ನು ಕರೆಸಿಕೊಳ್ಳಲು ಅನುಕೂಲವಾದ ಸ್ಥಳ! ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿಯನ್ನು ಇಲ್ಲಿ ಭೇದಿಸಿದ ಕಥೆಯನ್ನು ಓದುಗರು ಬಲ್ಲರು. ಅದನ್ನು ಮತ್ತೆ ಹೇಳಬೇಕಾದ್ದಿಲ್ಲ. ಬಹುಮಂದಿ ಪ್ರವಾಸಿಗಳು ಬಂಗಲೆಯನ್ನೂ ಅದರ ಸುತ್ತಲಿನ ಮರದ ಗುಡಿಸಲುಗಳನ್ನೂ ನೋಡಿ, ಚಹಾ ಕುಡಿದು ಹಿಂತಿರುಗುತ್ತಾರೆ. ತೋಟದ ಹಿಂಭಾಗದಲ್ಲಿ, ಬೇರೆ ಟಿಕೇಟು ಕೊಂಡು ಒಳಹೋಗಬೇಕಾದ ಒಂದು ಬೋಳು ಕಟ್ಟಡವಿದೆ. ‘ಎಚ್ ಬ್ಲಾಕ್’ ಎಂದು ಅದರ ಹೆಸರು. ನೋಡತಕ್ಕದ್ದು ಅದನ್ನು.

ಈ ಕಟ್ಟಡವನ್ನು 1944ರಲ್ಲಿ ಕೊಲೋಸಸ್ ಎಂಬ ಗಣಕಗಳಿಗಾಗಿಯೇ ಕಟ್ಟಿದರು. ಟಪಾಲು ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ರಚಿಸಿದ ಕೊಲೋಸಸ್ಸುಗಳು ಯುದ್ಧ ಮುಗಿಯುವ ವೇಳೆಗೆ ಹತ್ತು ಆಗಿದ್ದವು. ಯುದ್ಧಾನಂತರ ಗುಟ್ಟು ಕಾಪಾಡಲೆಂದು ಅವುಗಳಲ್ಲಿ ಎಂಟನ್ನು ಕಳಚಿಹಾಕಿದರು, ನಕ್ಷೆಗಳನ್ನು ಸುಟ್ಟರು. ಈಗ ಅಲ್ಲಿ ನಿಂತು ಮಿಣುಕುವ ಕೊಲೋಸಸ್ ಮರುನಿರ್ಮಾಣವಾದದ್ದು. ಟೋನಿ ಸೇಲ್ ಎಂಬಾತನು 1993ರಲ್ಲಿ ಕೆಲವು ಹಳೆಯ ಛಾಯಾಚಿತ್ರಗಳನ್ನೂ ಅಲ್ಲಲ್ಲಿ ಉಳಿದ ನಕ್ಷೆಯ ತುಣುಕುಗಳನ್ನೂ ಇಟ್ಟುಕೊಂಡು ಕೆಲಸಕ್ಕೆ ತೊಡಗಿ, 2007ರಲ್ಲಿ ಪೂರ್ಣಗೊಳಿಸಿದನು. ಆ ವರ್ಷವೇ ಎಚ್ ಬ್ಲಾಕಿನಲ್ಲಿ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯವು ಬಾಗಿಲು ತೆರೆಯಿತು. ಬಂಗಲೆಯನ್ನು ನೋಡಿಕೊಳ್ಳುವ ಸಂಸ್ಥೆಯೇ ಬೇರೆ, ಇದೇ ಬೇರೆ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಿವೃತ್ತರಾದ ಎಂಜಿನಿಯರುಗಳು ಬಹಳ. ಯೌವನದಲ್ಲಿ ತಾವು ಕೈಯಾಡಿಸಿದ ಯಂತ್ರಗಳನ್ನೇ ಮುಪ್ಪಿನಲ್ಲಿ ಉಪಚರಿಸಲು ಬಂದವರೂ ಅವರಲ್ಲಿ ಉಂಟು.

ಈ ಸಂಗ್ರಹಾಲಯಕ್ಕೆ ಒಂದು ಹಟವಿದೆ. ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿದರೆ ಅದು ತೋರಿಸಿದಂತಾಗಲಿಲ್ಲ. ಸಾಧ್ಯವಾದಷ್ಟನ್ನೂ ಓಡಿಸಿಯೇ ತೋರಿಸಬೇಕು. ಒಂದು ಕೋಣೆಯಲ್ಲಿ ಹಾರ್ವೆಲ್ ಡೆಕಟ್ರಾನ್ ಎಂಬ ಗಣಕ. 1951ರಲ್ಲಿ ಬ್ರಿಟನ್ನಿನ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಲೆಕ್ಕ ಮಾಡಲು ಆರಂಭಿಸಿದ ಹಿರಿಯ. ಎರಡೂವರೆ ಟನ್ ತೂಕ, 828 ಡೆಕಟ್ರಾನ್ ಕೊಳವೆಗಳು, 480 ರಿಲೇಗಳು. ಒಂದು ಗುಣಾಕಾರಕ್ಕೆ ಐದರಿಂದ ಹತ್ತು ಸೆಕೆಂಡು ಬೇಕು. ಚುರುಕಾದ ಶಾಲಾಬಾಲಕನು ಪೈಪೋಟಿಗೆ ನಿಲ್ಲಬಹುದು. ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದ ಇದನ್ನು ಮೂರು ವರ್ಷ ದುಡಿದು 2012ರ ನವೆಂಬರಿನಲ್ಲಿ ಮತ್ತೆ ನಡೆಸಿದರು. ಕಿತ್ತಳೆ ಬಣ್ಣದ ಚುಕ್ಕೆಗಳು ಕೊಳವೆಗಳ ತಲೆಯಲ್ಲಿ ಸುತ್ತುವುದನ್ನೂ ರಿಲೇಗಳು ಟಕಟಕ ಎನ್ನುವುದನ್ನೂ ಕಂಡ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಇಲ್ಲಿಯೇ ಒಂದು ವಿಚಿತ್ರ. 1951ರ ಅಜ್ಜನು ಆರೋಗ್ಯವಾಗಿದ್ದಾನೆ. 1991ರ ಮೊಮ್ಮಗನಿಗೆ ಪ್ರಾಣಸಂಕಟ! ಪ್ರಪಂಚದಾದ್ಯಂತ ಹಳೆಯ ಗಣಕಗಳನ್ನು ಕೂಡಿಡುವವರಿಗೆಲ್ಲ ತಿಳಿದ ಸಂಗತಿಯಿದು. ಬೃಹದಾಕಾರದ ಪುರಾತನ ಯಂತ್ರಗಳಿಗಿಂತ, 1980ರ ದಶಕದ ಕಡೆಯಲ್ಲಿಯೂ ಆಮೇಲಿನ ಕೆಲವು ವರ್ಷಗಳಲ್ಲಿಯೂ ಮನೆಮನೆಗೆ ಬಂದ ಪುಟ್ಟ ಗಣಕಗಳೇ ಬೇಗ ನಶಿಸುತ್ತಿವೆ. ಕಾರಣವು ಕಿರುಬೆರಳಿನ ತುದಿಯಷ್ಟಿರುವ ಒಂದು ಬ್ಯಾಟರಿ.

ಗಣಕವನ್ನು ಆರಿಸಿದಾಗ ಅದಕ್ಕೆ ಹೊತ್ತು ತಿಳಿಯದು. ಮಾರನೆಯ ದಿನ ಹೊತ್ತಿಸಿದಾಗ ತಾರೀಖನ್ನು ಮತ್ತೆ ಹೇಳಿಕೊಡಬೇಕು. ಈ ಪೀಡೆ ಬೇಡವೆಂದು ತಯಾರಕರು ಫಲಕದ ಮೇಲೆ ಒಂದು ಗಡಿಯಾರದ ಚಿಪ್ಪನ್ನೂ, ವಿದ್ಯುತ್ತು ಇಲ್ಲದಾಗ ಅದಕ್ಕೆ ಉಸಿರು ಕೊಡಲು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನೂ ಬೆಸೆದರು. ಯಂತ್ರ ಓಡುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಬದಲಾಯಿಸುವ ಗೋಜಿಲ್ಲ. ಕೊಂಡವನು ಐದಾರು ವರ್ಷ ಬಳಸಿ ಬಿಸಾಡುತ್ತಾನೆಂದು ಅವರ ಎಣಿಕೆಯಿದ್ದೀತು. ಅಟ್ಟದ ಮೇಲೆ ಮೂವತ್ತು ವರ್ಷ ಇಟ್ಟಾನೆಂದು ಯಾರು ಬಗೆದಿದ್ದರು? ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಏ3000, ಏ5000 ಗಣಕಗಳಲ್ಲಿಯೂ ಕಮೋಡೋರ್ ಸಂಸ್ಥೆಯ ಅಮಿಗಾ 500 ಪ್ಲಸ್ ಎಂಬುದರಲ್ಲಿಯೂ ಇಂಥ ಬ್ಯಾಟರಿಯೇ ಕುಳಿತಿತ್ತು. ಹೊತ್ತು ನೆನಪಿಡಲೆಂದು ಇಟ್ಟ ವಸ್ತುವೇ ಮನೆಯನ್ನು ಸುಡುವ ಕೊಳ್ಳಿಯಾಯಿತು.

ಬ್ಯಾಟರಿಯ ಮುಚ್ಚಳದ ಬಿಗಿ ಸಡಿಲಾದಾಗ ಒಳಗಿನ ದ್ರವವು ಜಿನುಗುತ್ತದೆ. ಜನರು ರೂಢಿಯಲ್ಲಿ ಇದನ್ನು ‘ಬ್ಯಾಟರಿಯ ಆಸಿಡ್’ ಎನ್ನುತ್ತಾರೆ. ಮಾತು ತಪ್ಪು. ಮೋಟಾರು ಕಾರಿನ ಬ್ಯಾಟರಿಯಲ್ಲಿರುವುದು ಗಂಧಕಾಮ್ಲ, ದಿಟ. ಇದರಲ್ಲಿರುವುದು ಅದಕ್ಕೆ ತದ್ವಿರುದ್ಧವಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕಟುಕ್ಷಾರ. ಹೆಸರಿನಲ್ಲಿ ಮೋಸಹೋದವರು ಆಮ್ಲವೆಂದು ತಿಳಿದು ಅಡಿಗೆ ಸೋಡಾ ಉಜ್ಜುತ್ತಾರೆ. ಕ್ಷಾರಕ್ಕೆ ಕ್ಷಾರ ಸೇರಿ ಫಲ ಸೊನ್ನೆ. ಈ ದ್ರವವು ಹರಿಯುವುದಿಲ್ಲ, ತೆವಳುತ್ತದೆ. ಫಲಕದ ಮೇಲಿನ ಹಸಿರು ಲೇಪದ ಅಡಿಗೆ ನುಸುಳಿ, ತಾಮ್ರದ ಗೆರೆಗಳ ಉದ್ದಕ್ಕೂ ಇಂಚಿಂಚಾಗಿ ಸಾಗಿ, ಎರಡು ಬದಿಗಳನ್ನು ಕೂಡಿಸುವ ಸೂಜಿಮೊನೆಯಂಥ ರಂಧ್ರಗಳಲ್ಲಿ ಇಳಿದು, ಚಿಪ್ಪುಗಳು ಕುಳಿತ ಸಾಕೆಟ್ಟುಗಳ ಕಾಲುಗಳನ್ನು ಹಿಡಿಯುತ್ತದೆ. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಬಿಳಿಯ ಹುಡಿಯಾಗುತ್ತದೆ. ತಾಮ್ರವು ಹಸಿರು-ನೀಲಿಗೆ ತಿರುಗುತ್ತದೆ. ಲೇಪದ ಕೆಳಗಿನ ಗೆರೆಗಳು ಕಪ್ಪಾಗುತ್ತವೆ. ತವರ ಸೀಸಗಳ ಬೆಸುಗೆಯು ಹೊಳಪು ಕಳೆದು ಬೂದಿಯಂತೆ ಆಗುತ್ತದೆ. ಹಿತ್ತಾಳೆಯ ತಪ್ಪಲೆಯಲ್ಲಿ ಹುಳಿ ಉಳಿದರೆ ಏನಾಗುವುದೋ ಅದನ್ನು ಕಂಡ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಿಲುಬು.

ಬ್ಯಾಟರಿಯೊಂದೇ ಶತ್ರುವಲ್ಲ. ಆ ಕಾಲದ ಫಲಕಗಳ ಮೇಲೆ ಅಲ್ಯೂಮಿನಿಯಂ ಡಬ್ಬಿಗಳಂತೆ ನಿಂತ ಚಿಕ್ಕ ಕೆಪಾಸಿಟರುಗಳ ರಬ್ಬರು ಬಿರಡೆಯೂ ಮುಪ್ಪಿಗೆ ಸೋತು, ಒಳಗಿನ ರಸವನ್ನು ಬಿಟ್ಟುಕೊಡುತ್ತದೆ. ಅಂಥದರ ಬುಡಕ್ಕೆ ಸೋಲ್ಡರಿಂಗ್ ಐರನ್ ತಾಗಿಸಿದರೆ ಏಳುವ ನಾತವು ಮೀನು ಮಾರುಕಟ್ಟೆಯನ್ನು ನೆನಪಿಗೆ ತರುತ್ತದೆ. ಆ ವಾಸನೆ ಬಂದರೆ ರೋಗನಿದಾನವಾಯಿತೆಂದೇ ಲೆಕ್ಕ.

ಇನ್ನು ಚಿಕಿತ್ಸೆ. ಮೊದಲ ಕೆಲಸ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಆಮೇಲೆ ಫಲಕದ ಎರಡು ಬದಿಗಳ ಫೋಟೋ ತೆಗೆಯಬೇಕು. ಮುಂದೆ ಯಾವ ಗೆರೆ ಎಲ್ಲಿಗೆ ಹೋಗುತ್ತಿತ್ತೆಂದು ಹೇಳಲು ಅದೇ ಸಾಕ್ಷಿ. ಬಳಿಕ ಬಿಳಿಯ ವಿನಿಗರನ್ನೋ ನಿಂಬೆ ಉಪ್ಪಿನ ನೀರನ್ನೋ ಹತ್ತಿಯ ಕಡ್ಡಿಯಿಂದ ತೊಡೆಯುತ್ತಾರೆ. ಬಿಳಿಯ ಹುಡಿಯು ನೊರೆಯೆದ್ದು ಸುಯ್ಯೆನ್ನುತ್ತದೆ. ಹುಣಸೆಹಣ್ಣು ಹಚ್ಚಿ ತಂಬಿಗೆ ಬೆಳಗಿದ ಕೈಗಳಿಗೆ ಈ ವಿದ್ಯೆ ಹೊಸದಲ್ಲ. ಆದರೆ ಇಲ್ಲಿ ಹುಳಿಯು ಎರಡು ಕೆಲಸ ಮಾಡುತ್ತದೆ. ಕ್ಷಾರವನ್ನು ಕೊಲ್ಲುತ್ತದೆ, ಕಿಲುಬನ್ನು ಕರಗಿಸುತ್ತದೆ. ಹುಳಿಯನ್ನೂ ಅಲ್ಲಿಯೇ ಬಿಡಲಾಗದು. ಬಿಟ್ಟರೆ ಅದು ತಾನೇ ತಾಮ್ರವನ್ನು ತಿನ್ನಲು ಹೊರಡುತ್ತದೆ. ಭಟ್ಟಿ ಇಳಿಸಿದ ನೀರಿನಿಂದ ತೊಳೆದು, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೆಚ್ಚಗಿನ ಗಾಳಿಯಲ್ಲಿ ಸಂಪೂರ್ಣವಾಗಿ ಒಣಗಿಸಬೇಕು. ಗಣಕದ ಫಲಕವನ್ನು ನೀರಿನಲ್ಲಿ ತೊಳೆಯುವುದೆಂದರೆ ಹೊಸಬರು ಹೌಹಾರುತ್ತಾರೆ. ವಿದ್ಯುತ್ತಿನ ಸಂಪರ್ಕವಿಲ್ಲದ, ಚೆನ್ನಾಗಿ ಒಣಗಿದ ಫಲಕಕ್ಕೆ ನೀರಿನಿಂದ ಬಾಧೆಯಿಲ್ಲ.

ನಿಜವಾದ ಶ್ರಮ ಇನ್ನು ಮುಂದೆ. ಕಪ್ಪಾದ ಗೆರೆಗಳ ಮೇಲಿನ ಲೇಪವನ್ನು ಗಾಜಿನ ಎಳೆಗಳ ಕುಂಚವಿರುವ ಪೆನ್ಸಿಲಿನಿಂದ ಕೆರೆಯಬೇಕು. ಆ ಗಾಜಿನ ಸಿಬಿರು ಬೆರಳಿಗೆ ಹೊಕ್ಕರೆ ದಿನವಿಡೀ ಚುರುಗುಟ್ಟುತ್ತದೆ. ಕೈಗವಸು ಬೇಕು, ಮೂಗಿಗೆ ಬಟ್ಟೆ ಬೇಕು. ತಲೆಗೂದಲಿನಷ್ಟು ಸಪೂರವಾದ ಗೆರೆಗಳೂ ಇರುವುದರಿಂದ ಕೈ ಸ್ವಲ್ಪ ಭಾರವಾದರೂ, ಕಿಲುಬು ಬಿಟ್ಟುಹೋದ ತಾಮ್ರವನ್ನು ಕೆರೆಯುವವನೇ ಕೊಂಡೊಯ್ಯುತ್ತಾನೆ. ಹೊಳೆಯುವ ತಾಮ್ರ ಕಂಡೊಡನೆ ನಿಲ್ಲಿಸಬೇಕು. ಕೊಳೆತ ಸಾಕೆಟ್ಟನ್ನು ಬಿಸಿ ಮಾಡಿ ಬಿಡಿಸಬೇಕು. ಹುಚ್ಚು ಆತುರದಿಂದ ಎಳೆದರೆ ರಂಧ್ರದ ಒಳಗೋಡೆಯ ತಾಮ್ರವೂ ಕಿತ್ತು ಬರುತ್ತದೆ. ಕ್ಷಾರವು ಮೂವತ್ತು ವರ್ಷಗಳಲ್ಲಿ ಮಾಡದ ಹಾನಿಯನ್ನು ಮನುಷ್ಯನು ಮೂರು ಕ್ಷಣದಲ್ಲಿ ಮಾಡಿ ಮುಗಿಸುತ್ತಾನೆ.

ಬೋಳಾದ ತಾಮ್ರವನ್ನು ಹಾಗೆಯೇ ಬಿಡುವಂತಿಲ್ಲ. ಐರನ್ನಿನ ಮೊನೆಯಿಂದ ತೆಳುವಾಗಿ ಬೆಸುಗೆಲೋಹ ಸವರುತ್ತಾರೆ. ಹಿಂದೆ ಬೀದಿಯಲ್ಲಿ ತಿದಿಯೊತ್ತುತ್ತ, ನವಸಾಗರದ ಹೊಗೆಯೆಬ್ಬಿಸಿ ಪಾತ್ರೆಗಳ ಒಳಮೈಗೆ ತವರ ಬಳಿಯುತ್ತಿದ್ದ ಕಲಾಯಿಯವನ ಕೆಲಸವೇ ಇದು. ಪಾತ್ರೆ ಮಾತ್ರ ಕಿರಿದಾಗಿದೆ. ಬಳಿಕ ಮಲ್ಟಿಮೀಟರಿನ ಎರಡು ಮೊನೆಗಳನ್ನು ಹಿಡಿದು, ನಕ್ಷೆಯನ್ನು ಮುಂದಿಟ್ಟುಕೊಂಡು, ಒಂದೊಂದು ಗೆರೆಯನ್ನೂ ಪರೀಕ್ಷಿಸುತ್ತಾರೆ. ಮೀಟರು ಕೂಗಿದರೆ ದಾರಿ ಸರಿಯಿದೆ. ಮೌನವಾಗಿದ್ದರೆ ಎಲ್ಲಿಯೋ ತುಂಡಾಗಿದೆ. ಅಲ್ಲಿ ಎನಾಮಲ್ ಲೇಪದ ಸಣ್ಣ ತಂತಿಯೊಂದನ್ನು ಸೇತುವೆಯಾಗಿ ಬೆಸೆಯಬೇಕು. ಕೆಟ್ಟ ಫಲಕಕ್ಕೆ ಇಂಥ ಸೇತುವೆಗಳು ಹತ್ತಾರು ಬೇಕಾಗುವುದುಂಟು. ಎಲ್ಲವೂ ಮುಗಿದ ಮೇಲೆ ಹೊಸ ಲೇಪ. ಅದೇ ಜಾಗದಲ್ಲಿ ಅದೇ ಬಗೆಯ ಬ್ಯಾಟರಿಯನ್ನು ಮತ್ತೆ ಕೂರಿಸುವುದು ಕಳ್ಳನ ಕೈಗೆ ಬೀಗದಕೈ ಕೊಟ್ಟಂತೆ; ಬಲ್ಲವರು ತಂತಿಯ ತುದಿಯಲ್ಲಿ, ಫಲಕದಿಂದ ದೂರದಲ್ಲಿ ಒಂದು ಲಿಥಿಯಂ ಗುಂಡಿ-ಸೆಲ್ಲನ್ನು ಇಡುತ್ತಾರೆ. ಅದನ್ನು ಮತ್ತೆ ತುಂಬಲಾಗದಾದ್ದರಿಂದ ವಿದ್ಯುತ್ತು ಒಳಕ್ಕೆ ಹರಿಯದಂತೆ ನಡುವೆ ಡಯೋಡೊಂದನ್ನು ಕಾವಲಿಡುತ್ತಾರೆ.

ಒಂದು ಆಟದ ಗಣಕಕ್ಕಾಗಿ ಇಷ್ಟು ಪಾಡೇಕೆ ಎಂದು ಕೇಳುವವರುಂಟು. ಏ3000 ಮತ್ತು ಏ5000 ಎಂಬವು ಆರ್ಕಿಮಿಡೀಸ್ ಎಂಬ ವಂಶದವು. 1985ರ ಏಪ್ರಿಲ್ 26ರಂದು ಕೇಂಬ್ರಿಜ್ಜಿನ ಏಕಾರ್ನಿನಲ್ಲಿ ಸೋಫೀ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸಗೊಳಿಸಿದ ‘ಆರ್ಮ್’ ಎಂಬ ಸಂಸ್ಕಾರಕವು ಮೊದಲ ಬಾರಿ ಓಡಿತು. ಅದನ್ನು ಹೊತ್ತು 1987ರಲ್ಲಿ ಮನೆಗಳಿಗೆ ಬಂದದ್ದು ಆರ್ಕಿಮಿಡೀಸ್. ಇಂದು ಜಗತ್ತಿನ ಮೊಬೈಲ್ ಫೋನುಗಳೆಲ್ಲವೂ ಹೆಚ್ಚುಕಡಿಮೆ ಆ ಚಿಪ್ಪಿನ ಸಂತಾನ. ಜೇಬಿನಲ್ಲಿ ಮೊಮ್ಮಗನನ್ನು ಇಟ್ಟುಕೊಂಡು ತಿರುಗುವವರು, ಅಜ್ಜನ ಮೈಯನ್ನು ಕ್ಷಾರವು ತಿನ್ನುತ್ತಿರುವುದನ್ನು ನೋಡಿ ಸುಮ್ಮನಿರಲಾದೀತೆ?

ಎಚ್ ಬ್ಲಾಕಿನಲ್ಲಿ ಒಂದು ಕೋಣೆಯ ತುಂಬ ಬಿಬಿಸಿ ಮೈಕ್ರೋ ಗಣಕಗಳ ಸಾಲಿದೆ. 1981ರ ಡಿಸೆಂಬರಿನಲ್ಲಿ ಹೊರಬಂದು ಬ್ರಿಟಿಷ್ ಶಾಲೆಗಳಲ್ಲೆಲ್ಲ ನೆಲೆಸಿದ ಯಂತ್ರವಿದು. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಭಾರತದ ಪ್ರೌಢಶಾಲೆಗಳಿಗೂ ಇದೇ ಬಂದಿತ್ತಾಗಿ, ಭಾರತೀಯ ಪ್ರವಾಸಿಗಳಲ್ಲಿಯೂ ಕೆಲವರಿಗೆ ಇದರ ಕೆಂಪು ಕೀಲಿಗಳ ಪರಿಚಯವಿದ್ದೀತು. ಇದರಲ್ಲಿ ಬ್ಯಾಟರಿಯಿಲ್ಲ; ಅದೇ ಇದರ ಪುಣ್ಯ. ವಿದ್ಯುತ್ ಪೂರೈಕೆಯ ಪೆಟ್ಟಿಗೆಯಲ್ಲಿನ ಹಳೆಯ ಕೆಪಾಸಿಟರು ಬಿರುಕುಬಿಟ್ಟು ಒಮ್ಮೊಮ್ಮೆ ಹೊಗೆಯುಗುಳುತ್ತದೆ, ಅಷ್ಟೆ. ಮಕ್ಕಳು ಅದರ ಮುಂದೆ ಕುಳಿತು ನಾಲ್ಕು ಸಾಲು ಬೇಸಿಕ್ ಭಾಷೆ ಬರೆದು, ತಮ್ಮ ಹೆಸರು ಪರದೆಯ ಮೇಲೆ ಕೊನೆಯಿಲ್ಲದೆ ಹರಿಯುವುದನ್ನು ಕಂಡು ಕೇಕೆ ಹಾಕುತ್ತಾರೆ. ಆದರೆ ಇದರ ತಮ್ಮ, 1986ರ ಬಿಬಿಸಿ ಮಾಸ್ಟರ್, ಅಷ್ಟು ಪುಣ್ಯವಂತನಲ್ಲ. ಅದರ ಪೆಟ್ಟಿಗೆಯೊಳಗೆ ಪೆನ್‌ಸೆಲ್ಲುಗಳನ್ನು ಇಡುವ ಏರ್ಪಾಡಿತ್ತು. ಅವು ಸೋರಿದಾಗಲೂ ಬರುವುದು ಅದೇ ಕ್ಷಾರ.

ಮಾಸ್ಟರಿನ ಹೆಸರು ಬಂದೊಡನೆ ಡೂಮ್ಸ್‌ಡೇ ಯೋಜನೆಯ ಕಥೆ ಹೇಳಲೇಬೇಕು. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯು 1086ರಲ್ಲಿ ತನ್ನ ರಾಜ್ಯದ ಊರು, ಹೊಲ, ನೇಗಿಲು, ಗಿರಣಿಗಳನ್ನೆಲ್ಲ ಎಣಿಸಿ ಬರೆಯಿಸಿದ ಲೆಕ್ಕದ ಪುಸ್ತಕಕ್ಕೆ ಡೂಮ್ಸ್‌ಡೇ ಎಂದು ಹೆಸರು. ಕುರಿಯ ಚರ್ಮದ ಹಾಳೆ, ಲ್ಯಾಟಿನ್ ಭಾಷೆ. ಅದಕ್ಕೆ 900 ವರ್ಷ ತುಂಬಿದಾಗ ಬಿಬಿಸಿಯು 25 ಲಕ್ಷ ಪೌಂಡು ವೆಚ್ಚದಲ್ಲಿ ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಮೀರಿದ ಜನರು, ಅದರಲ್ಲಿಯೂ ಶಾಲೆಯ ಮಕ್ಕಳು, ತಮ್ಮ ಊರು ಕೇರಿಗಳನ್ನೂ ದಿನಚರಿಯನ್ನೂ ಬರೆದು ಕಳುಹಿಸಿದರು. ಭೂಪಟಗಳು, ಛಾಯಾಚಿತ್ರಗಳು, ಅಂಕಿಅಂಶಗಳು ಎಲ್ಲವೂ ಊಟದ ತಟ್ಟೆಯಷ್ಟು ಅಗಲದ ಎರಡು ಲೇಸರ್ ತಟ್ಟೆಗಳಲ್ಲಿ ಅಡಕವಾದವು. ಅವನ್ನು ಓದಲು ಫಿಲಿಪ್ಸ್ ಸಂಸ್ಥೆಯ ವಿಶೇಷ ಯಂತ್ರವೂ ಅದಕ್ಕೆ ಕೂಡಿಸಿದ ಬಿಬಿಸಿ ಮಾಸ್ಟರ್ ಗಣಕವೂ ಬೇಕು. ಬೆಲೆ ಸಾವಿರಾರು ಪೌಂಡು. ಬರೆದುಕೊಟ್ಟ ಶಾಲೆಗಳಲ್ಲಿಯೇ ಬಹುಪಾಲಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ತಾವು ಬರೆದುದನ್ನು ಪರದೆಯ ಮೇಲೆ ಕಾಣದೆಯೇ ಬೆಳೆದು ದೊಡ್ಡವರಾದ ಮಕ್ಕಳೆಷ್ಟೋ!

ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳು ದುರ್ಲಭವಾದವು. 900 ವರ್ಷದ ಚರ್ಮದ ಹಾಳೆಯನ್ನು ಲ್ಯಾಟಿನ್ ಬಲ್ಲವರು ಇಂದಿಗೂ ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಓದಬಲ್ಲರು; 1986ರ ಮಕ್ಕಳ ಬರಹವು ಬಾಯಿ ಕಟ್ಟಿ ಕುಳಿತಿತ್ತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡವು ಹೊಸ ಗಣಕದಲ್ಲಿ ಹಳೆಯದರ ಅನುಕರಣೆ ಮಾಡಿ ಅದನ್ನು ಮಾತನಾಡಿಸಿತು. 2011ರಲ್ಲಿ ಬಿಬಿಸಿಯು ಮಕ್ಕಳ ಬರಹಗಳ ಬಹುಭಾಗವನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಹಾಗಾದರೆ ಹಳೆಯ ಯಂತ್ರವಿನ್ನೇಕೆ ಎಂದರೆ, ಅನುಕರಣೆ ಸರಿಯಾಗಿದೆಯೆ ಎಂದು ಒರೆಹಚ್ಚಲು ಓಡುವ ಮೂಲ ಯಂತ್ರವೊಂದು ಬೇಕೇ ಬೇಕು. ತಟ್ಟೆಯಲ್ಲಿನ ಸಂಕೇತಗಳನ್ನು ಹೊಸ ಕಡತಕ್ಕೆ ಇಳಿಸಿಕೊಳ್ಳುವವರಿಗೂ ಅದನ್ನು ಓದುವ ಹಳೆಯ ಯಂತ್ರವೇ ಗತಿ. ಅದರ ಫಲಕವನ್ನು ಕಿಲುಬು ತಿಂದರೆ ಒರೆಗಲ್ಲೇ ಹೋದಂತೆ.

ರಿಪೇರಿಯ ಬಗೆಗೆ ಎಲ್ಲರದೂ ಒಂದೇ ಮತವಲ್ಲ. ಮುಟ್ಟದೆ ಇಡುವುದೇ ಸಂರಕ್ಷಣೆ ಎನ್ನುವ ಪಂಡಿತರಿದ್ದಾರೆ. ಕಾರ್ಖಾನೆಯ ಹೆಣ್ಣುಮಕ್ಕಳು ಹಾಕಿದ ಬೆಸುಗೆ, ತಯಾರಕರೇ ತಪ್ಪು ತಿದ್ದಲು ಕೈಯಿಂದ ಕೂಡಿಸಿದ ತಂತಿ, ಇವೂ ಇತಿಹಾಸವೇ; ಕೆರೆದು ಬಳಿದು ಹೊಸದು ಮಾಡಿದರೆ ಉಳಿಯುವುದೇನು ಎಂದು ಅವರ ವಾದ. ಹಳೆಯ ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿದುದನ್ನು ಕಂಡ ಕನ್ನಡಿಗರು ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಕಲ್ಲು ಸುಮ್ಮನೆ ಬಿಟ್ಟರೆ ನಿಲ್ಲುತ್ತದೆ. ಕ್ಷಾರ ತಾಗಿದ ತಾಮ್ರ ನಿಲ್ಲುವುದಿಲ್ಲ. ಮುಟ್ಟದೆ ಇಟ್ಟ ಫಲಕವು ಮುಟ್ಟದೆಯೇ ಸಾಯುತ್ತದೆ. ಬ್ಯಾಟರಿಯನ್ನು ತೆಗೆದು ಕ್ಷಾರವನ್ನು ತೊಳೆಯುವುದಂತೂ ವಾದಕ್ಕೆ ಮೀರಿದ್ದು. ಅದರಾಚೆಗೆ, ಮಾಡಿದ್ದನ್ನೆಲ್ಲ ಬರೆದಿಟ್ಟು, ತೆಗೆದ ಭಾಗಗಳನ್ನು ಪೊಟ್ಟಣ ಕಟ್ಟಿ ಯಂತ್ರದ ಜೊತೆಗೆ ಇಡುವವರ ಮಾರ್ಗವೇ ಲೇಸೆಂದು ತೋರುತ್ತದೆ.

1990ರ ಸುಮಾರಿನಲ್ಲಿ ಭಾರತದ ಕಛೇರಿಗಳಿಗೂ ಮನೆಗಳಿಗೂ ಬಂದ 286, 386 ಗಣಕಗಳ ಫಲಕಗಳಲ್ಲಿಯೂ ಅನೇಕವು ಇದೇ ಬಗೆಯ ಬ್ಯಾಟರಿಯನ್ನು ಹೊತ್ತಿದ್ದವು. ಸಣ್ಣ ಪೀಪಾಯಿಯಂತೆ ಉರುಟು, ಹೆಚ್ಚಾಗಿ ನೀಲಿ ಇಲ್ಲವೆ ಹಸಿರು ಹೊದಿಕೆ, ಕೀಲಿಮಣೆಯ ತಂತಿ ಸೇರುವ ಮೂಲೆಯ ಹತ್ತಿರ ವಾಸ. ಅಂಥದೊಂದು ಪೆಟ್ಟಿಗೆ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಮಳೆಗಾಲದ ತೇವ ಏರುವ ಮುನ್ನ ಕೆಳಗಿಳಿಸಿ, ಮುಚ್ಚಳದ ತಿರುಪುಗಳನ್ನು ಬಿಚ್ಚಿ ನೋಡತಕ್ಕದ್ದು. ಹೊತ್ತಿಸಿ ನೋಡುವ ಚಪಲ ಬೇಡ. ಬ್ಯಾಟರಿಯ ಸುತ್ತ ಬಿಳಿಯ ಹುಡಿಯಿರಲಿ ಇಲ್ಲದಿರಲಿ, ಎರಡು ಕಾಲುಗಳನ್ನೂ ಒಂದೊಂದಾಗಿ ಕತ್ತರಿಸಿ ತೆಗೆಯಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಇಕ್ಕುಳದ ಮೂಲಕ ವಿದ್ಯುತ್ತು ಹರಿದು ಕಿಡಿ ಹಾರೀತು. ಕ್ಯಾಡ್ಮಿಯಂ ವಿಷವಾದ್ದರಿಂದ ಅದನ್ನು ಮನೆಯ ಕಸದ ಬುಟ್ಟಿಗೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು.